ನಾನು ಒರೆಸಿಬಿಟ್ಟ ಕಣ್ಣುಗಳು

2019ರಲ್ಲಿ ನಾನು ನಿವೃತ್ತನಾಗಿ ಆರು ವರ್ಷವಾಗಿತ್ತು. ಅದಕ್ಕೆ ಮೊದಲು ಮೂವತ್ತೆಂಟು ವರ್ಷ ಹೈದರಾಬಾದಿನ ಕಾಚಿಗೂಡದ ಒಂದು ಫೋಟೋ ಸ್ಟುಡಿಯೋದಲ್ಲಿ ರಿಟಚರ್ ಆಗಿದ್ದೆ. ರಿಟಚರ್ ಎಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಮತ್ತು ಸಣ್ಣ ಚಾಕು ಆಡಿಸಿ ಮುಖದ ಕಲೆ, ಸುಕ್ಕು ತೆಗೆಯುವವನು. ಜನ ಹೇಗಿದ್ದಾರೆ ಎನ್ನುವುದಕ್ಕಿಂತ ಹೇಗೆ ಕಾಣಬೇಕೆಂದು ಬಯಸುತ್ತಾರೆ ಎನ್ನುವುದೇ ನನಗೆ ಅನ್ನ ಹಾಕಿತು.

ಸ್ಟುಡಿಯೋ ಮುಚ್ಚಿದಾಗ ಹಳೆಯ ಶೀಟ್ ಫಿಲ್ಮ್‌ಗಳನ್ನು, ಅವುಗಳಲ್ಲಿನ ಬೆಳ್ಳಿ ತೆಗೆಯುವ ಗುಜರಿಯವನಿಗೆ ಹಾಕಲು ಹೊರಟಿದ್ದರು. ಶೀಟ್ ಫಿಲ್ಮ್ ಎಂದರೆ ರೀಲಿನದಲ್ಲ, ಅಂಗೈ ಅಗಲದ ಬಿಡಿ ಬಿಡಿ ನೆಗೆಟಿವ್. ನಮ್ಮವು ನಾಲ್ಕು-ಐದು ಇಂಚಿನವು. ಮನಸ್ಸು ತಡೆಯದೆ ಹನ್ನೆರಡು ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ತಾರ್ನಾಕದ ಮನೆಗೆ ತಂದೆ. ಇಷ್ಟೊಂದು ಜನರನ್ನು ಮಂಚದ ಕೆಳಗೆ ಮಲಗಿಸಿ ನಾನೆಲ್ಲಿ ಮಲಗಲಿ ಎಂದು ಹೆಂಡತಿ ರೇಗಿದಳು.

ಅವನ್ನು ಕಂಪ್ಯೂಟರಿಗೆ ಇಳಿಸುವ ದೊಡ್ಡ ಸ್ಕ್ಯಾನರ್ ನನಗೆ ಎಟುಕುವ ಮಾತಾಗಿರಲಿಲ್ಲ. ಬೇಗಂ ಬಜಾರಿನಿಂದ ಕಬ್ಬಿಣದ ಪೈಪು, ಕ್ಲಾಂಪು ತಂದು ಸ್ಟ್ಯಾಂಡ್ ಮಾಡಿದೆ. ಅದಕ್ಕೆ ಡಿಜಿಟಲ್ ಕ್ಯಾಮೆರಾವನ್ನು ಕೆಳಮುಖವಾಗಿ ಬಿಗಿದು, ಕೆಳಗೆ ಎಲ್‌ಇಡಿ ಲೈಟ್ ಪ್ಯಾಡ್, ಅದರ ಮೇಲೆ ನೆಗೆಟಿವ್ ಇಟ್ಟು ಫೋಟೋ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಿಗೆ, ಬಿಳುಪನ್ನು ಕಪ್ಪಿಗೆ ತಿರುಗಿಸಿದರೆ ಮುಖ ಎದ್ದು ಬರುತ್ತದೆ.

ಮುಂದಿನದು ತಿಳಿಯಲು ಒಂದು ವಿಷಯ ಹೇಳಬೇಕು. ನೆಗೆಟಿವ್‌ಗೆ ಎರಡು ಮೈ. ಒಂದು ಹೊಳೆಯುವ ಮೈ, ಅದನ್ನು ಸ್ಪಿರಿಟ್ ಹಾಕಿ ಒರೆಸಬಹುದು. ಇನ್ನೊಂದು ಮಂಕಾದ ಎಮಲ್ಶನ್ ಮೈ. ಚಿತ್ರ ಇರುವುದೂ, ರಿಟಚರನ ಪೆನ್ಸಿಲ್ ಓಡಿರುವುದೂ ಅದರ ಮೇಲೆ. ಅದಕ್ಕೆ ಸ್ಪಿರಿಟ್ ತಾಗಿಸಬಾರದು. ಕತ್ತಲೆಕೋಣೆಯಲ್ಲಿ ಪ್ರಿಂಟ್ ಹಾಕುವ ಎನ್‌ಲಾರ್ಜರ್‌ನಲ್ಲಿ ಹೊಳೆಯುವ ಮೈ ಯಾವಾಗಲೂ ಮೇಲಿರುತ್ತಿತ್ತು. ಮನೆಯಲ್ಲಿ ನಾನು ಎಮಲ್ಶನ್ನನ್ನೇ ಮೇಲಕ್ಕೆ ಇಡುತ್ತಿದ್ದೆ, ಹೊಳೆಯುವ ಮೈ ಮೇಲಿದ್ದರೆ ಅದರಲ್ಲಿ ಕ್ಯಾಮೆರಾದ ಪ್ರತಿಬಿಂಬವೇ ಬೀಳುತ್ತಿತ್ತು. ಹೀಗೆ ಅದಲುಬದಲಾದ ಎಡಬಲವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುತ್ತಿದ್ದೆ.

ಆ ವರ್ಷದ ಆಗಸ್ಟ್‌ನಲ್ಲಿ ನಾಗಮ್ಮ ಎಂಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನಿಂತ ಕುಟುಂಬ, ವಯಸ್ಸು ನಲವತ್ತೆರಡು. ಅವಳು ಹುಟ್ಟಿದ ಹನ್ನೊಂದನೆಯ ದಿನಕ್ಕೆ ತಾಯಿ ತೀರಿಕೊಂಡಿದ್ದಳು. ತಾಯಿಯದು ಅಂತ ಇದ್ದದ್ದು ಒಂದೇ ಫೋಟೋ. ಆ ಮಳೆಗಾಲದಲ್ಲಿ ಸೋರಿದ ನೀರಿಗೆ ಅದು ಕಟ್ಟಿನ ಗಾಜಿಗೆ ಅಂಟಿ, ಬಿಡಿಸಹೋದಾಗ ಮುಖವೆಲ್ಲ ಗಾಜಿನ ಜೊತೆ ಕಿತ್ತುಹೋಗಿತ್ತು. ಫೋಟೋದ ಹಿಂಬದಿಯಲ್ಲಿ ನಮ್ಮ ಸ್ಟುಡಿಯೋದ ಮೊಹರು, ನೆಗೆಟಿವ್ ನಂಬರು ಮಾತ್ರ ಉಳಿದಿದ್ದವು. ಕಾಚಿಗೂಡದಲ್ಲಿ ಮುಚ್ಚಿದ ಸ್ಟುಡಿಯೋದ ಪಕ್ಕದ ಅಂಗಡಿಯವರು ನನ್ನ ವಿಳಾಸ ಕೊಟ್ಟಿದ್ದರು.

"ಉಳದದ್ದು ಹ್ಯಾಂಗರ ಬರ್ಲಿ ಅಣ್ಣಾರ, ಕಣ್ಣು ಬಂದ್ರ ಸಾಕು," ಎಂದಳು. "ದಿನಾ ಮುಂಜಾನೆ ಆ ಕಣ್ಣು ನೋಡಿನ ನಾ ಕೆಲಸಕ್ಕ ಹೋಗಾಕಿ."

ಎರಡು ದಿನ ಹುಡುಕಿ ಏಳನೆಯ ಪೆಟ್ಟಿಗೆಯಲ್ಲಿ ಆ ನಂಬರು ಹಿಡಿದೆ. ಭಾನುವಾರ ಮಧ್ಯಾಹ್ನ ಬರಲು ಅವಳಿಗೆ ಫೋನ್ ಮಾಡಿ, ಬೆಳಿಗ್ಗೆ ಕೆಲಸಕ್ಕೆ ಕೂತೆ. ನೆಗೆಟಿವನ್ನು ಪ್ಯಾಡ್ ಮೇಲಿಟ್ಟೆ, ಫೋಕಸ್ ಮಾಡಿದೆ. ಸ್ವಲ್ಪ ಧೂಳು ಕಂಡಿತು. ಹತ್ತಿಗೆ ಸ್ಪಿರಿಟ್ ಹಾಕಿ ಮೇಲಿನ ಮೈ ಒರೆಸಿದೆ. ಹತ್ತಿ ಬೂದಿಬಣ್ಣಕ್ಕೆ ತಿರುಗಿತು. ನಲವತ್ತು ವರ್ಷದ ಕೊಳೆ ಎಂದುಕೊಂಡು, ಜಾಣನಂತೆ ಇನ್ನೊಮ್ಮೆ ಒರೆಸಿದೆ.

ಕ್ಲಿಕ್ ಮಾಡಿ, ಚಿತ್ರವನ್ನು ತಿರುಗಿಸಿದೆ. ಪರದೆಯ ಮೇಲೆ ಬಂದದ್ದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ತಲೆಯ ಮೇಲೆ ಸೆರಗು ಹೊದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಮುಚ್ಚಿದ್ದವು. ಮುಚ್ಚಿದ ಒಂದೊಂದು ರೆಪ್ಪೆಯ ನಟ್ಟನಡುವೆಯೂ ಒಂದು ಕಪ್ಪು ತೂತು.

ಏನಾಯಿತೆಂದು ಆ ಕ್ಷಣಕ್ಕೇ ಗೊತ್ತಾಯಿತು. ಆ ಕಾಲದಲ್ಲಿ ಬದುಕಿದ್ದಾಗ ಒಂದೂ ಫೋಟೋ ತೆಗೆಸದ ಬಡವರು ತೀರಿಕೊಂಡರೆ, ಮನೆಯವರು ನಮ್ಮನ್ನು ಕರೆಸುತ್ತಿದ್ದರು. ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ ಫೋಟೋ ತೆಗೆದರೆ, ನೆಗೆಟಿವ್ ಮೇಲೆ ರಿಟಚರ್ ಕಣ್ಣು ತೆರೆಸುತ್ತಿದ್ದ. ಪೆನ್ಸಿಲ್ ತುಂಬಿದ ಕಡೆ ಪ್ರಿಂಟಿನಲ್ಲಿ ಬಿಳಿಗುಡ್ಡೆ, ಚಾಕುವಿನಿಂದ ಕೆರೆದ ಕಡೆ ಕರಿಗುಡ್ಡೆ. ನಾನು ಪೆನ್ಸಿಲ್ ಒರೆಸಿಬಿಟ್ಟಿದ್ದೆ. ಕೆರೆದದ್ದು ಮಾತ್ರ ಉಳಿದಿತ್ತು. ಎನ್‌ಲಾರ್ಜರಿನ ರೂಢಿಯಲ್ಲಿ ನನ್ನ ಕೈ ಮೇಲಿನ ಮೈಯನ್ನು ಹೊಳೆಯುವ ಮೈ ಎಂದೇ ನಂಬಿತ್ತು. ಒರೆಸುವ ಮೊದಲು ಒಂದೇ ಒಂದು ಫೋಟೋ ತೆಗೆದಿಟ್ಟುಕೊಂಡಿರಲಿಲ್ಲ.

ನೆಗೆಟಿವ್ ಇಟ್ಟಿದ್ದ ಲಕೋಟೆಯ ಮೇಲಿನ ಬರಹವನ್ನು ಆಗ ಓದಿದೆ. ಮೊದಲೇ ಓದಬೇಕಿತ್ತು. ನಮಗೆ ಕೆಲಸ ಕಲಿಸಿದ ಉಸ್ತಾದರ ಉರ್ದು ಬರಹದಲ್ಲಿ 'ಕಣ್ಣು ತೆರೆಸುವುದು' ಎಂದಿತ್ತು. ಕೆಳಗೆ ಕೆಲಸ ಮಾಡಿದವನ ಗುರುತು ಇತ್ತು, ಅದು ನನ್ನದೇ. ತಾರೀಖು 1977ರದು, ಆಗ ನನಗೆ ಇಪ್ಪತ್ತೆರಡು ವರ್ಷ. ಎಷ್ಟು ನೆನಪಿಸಿಕೊಂಡರೂ ಆ ಮುಖ ನೆನಪಾಗಲಿಲ್ಲ, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಕಂಪ್ಯೂಟರಿನಲ್ಲಿ ಮತ್ತೆ ಕಣ್ಣು ಬರೆಯುವುದು ಅರ್ಧ ಗಂಟೆಯ ಕೆಲಸ. ಸುಳ್ಳು ಹೇಳುವುದಿಲ್ಲ, ಬ್ರಷ್ ಕೈಗೆತ್ತಿಕೊಂಡಿದ್ದೆ. ಆದರೆ ಯಾರ ಕಣ್ಣು ಬರೆಯಲಿ? ಆಗಲೂ ನಾನು ಆ ತಾಯಿಯ ಕಣ್ಣು ನೋಡಿ ಬರೆದವನಲ್ಲ. ನಮ್ಮಲ್ಲಿ ರೂಢಿಯಾಗಿದ್ದ ಒಂದು ಜೋಡಿ ಕಣ್ಣಿತ್ತು, ಹೆಂಗಸರಿಗೆಲ್ಲ ಅದನ್ನೇ ಬರೆಯುತ್ತಿದ್ದೆವು. ಬ್ರಷ್ ಕೆಳಗಿಟ್ಟೆ.

ನಾಗಮ್ಮ ಬಂದಳು. ಪರದೆ ಆರಿಸಿಟ್ಟಿದ್ದೆ. ಚಹಾ ಕೊಟ್ಟ ಮೇಲೆ, ಅವಳ ಮುಖ ನೋಡದೆಯೇ ಹೇಳಿದೆ.

"ತಂಗಿ, ಈ ಫೋಟೋ ತೆಗದಾಗ ನಿಮ್ಮವ್ವ ಜೀವಂತ ಇರಲಿಲ್ಲ. ಆ ಕಣ್ಣು ನಾ ಬರದದ್ದು. ಇವತ್ತು ನನ್ನ ಕೈಲೇನ ಅಳಿಸಿಹೋಗ್ಯಾವ."

ಅವಳು ಚಹಾದ ಲೋಟವನ್ನು ನೆಲಕ್ಕಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಇದು ನಮ್ಮಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದಳು. ಅವರೇ ಕೇಳಿ ಬರೆಸಿರಬೇಕು ಎಂದೆ.

"ತೋರಸ್ರಿ," ಎಂದಳು.

ಆ ಎರಡು ತೂತು ತುಂಬಿ ಆಮೇಲೆ ತೋರಿಸುತ್ತೇನೆಂದು ಬೇಡಿಕೊಂಡೆ, ಕೇಳಲಿಲ್ಲ. ಪರದೆ ಹಚ್ಚಿದೆ. ಅವಳು ಒಮ್ಮೆ ಬಾಯಿಗೆ ಸೆರಗು ಒತ್ತಿಕೊಂಡಳು. ಮತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಎಡಗಣ್ಣಿನ ರೆಪ್ಪೆಯ ತುದಿಗೆ ಬೆರಳು ತೋರಿಸಿದಳು. ಅಲ್ಲೊಂದು ಮಚ್ಚೆಯಿತ್ತು. ಪೆನ್ಸಿಲ್ ತುಂಬಿ ನಾನೇ ಮುಚ್ಚಿದ್ದ ಮಚ್ಚೆ, ಸ್ಪಿರಿಟ್ ಬಿದ್ದು ಹೊರಗೆ ಬಂದಿತ್ತು. ಬೆಳಗಿನಿಂದ ನನ್ನ ಕಣ್ಣು ಆ ತೂತುಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ನಾಗಮ್ಮ ನನ್ನ ಕಡೆ ತಿರುಗಿ ಕಣ್ಣು ಮುಚ್ಚಿದಳು. ಅದೇ ರೆಪ್ಪೆ, ಅದೇ ತುದಿ, ಅದೇ ಮಚ್ಚೆ.

"ಸಣ್ಣಾಕಿದ್ದಾಗ ನಾ ಕಣ್ಣು ಮುಚ್ಚಿದ್ರ ಸಾಕು, ನಮ್ಮಪ್ಪ ಇಲ್ಲಿ ಬೆರಳಿಡ್ತಿದ್ದ," ಎಂದಳು, ಕಣ್ಣು ಮುಚ್ಚಿಕೊಂಡೇ. "ಯಾಕಪ್ಪಾ ಅಂದ್ರ ಹೇಳ್ತಿರಲಿಲ್ಲ."

ಆಮೇಲೆ ಅತ್ತಳು. ನನ್ನ ಹೆಂಡತಿ ಒಳಗಿನಿಂದ ಬಂದು ಪಕ್ಕದಲ್ಲಿ ಕೂತಳು. ಕಣ್ಣು ಮತ್ತೆ ಬರೆದುಕೊಡಲೇ ಎಂದು ಕೇಳಿದೆ. ಬೇಡ, ಮಲಗಿದ ಹಾಗೆಯೇ ಇರಲಿ ಎಂದಳು. ಇಪ್ಪತ್ತೆರಡರ ನನ್ನ ಕೈ ಕೆರೆದಿದ್ದ ಆ ಎರಡು ತೂತುಗಳನ್ನು ಮಾತ್ರ ತುಂಬಿದೆ. ಅವಳು ನನ್ನ ಬೆನ್ನ ಹಿಂದೆ ನಿಂತು, ಬ್ರಷ್ ಮಚ್ಚೆಯ ಹತ್ತಿರ ಹೋದಾಗಲೆಲ್ಲ ಎಚ್ಚರಿಸುತ್ತಿದ್ದಳು.

ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ: ಲಕೋಟೆ ಓದಿ, ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಒರೆಸುವುದು ಆಮೇಲೆ. ಇನ್ನೊಂದನ್ನು ಕಲಿಯಲು ಮಾತ್ರ ನನಗೆ ನಲವತ್ತೆರಡು ವರ್ಷ ಬೇಕಾಯಿತು. ಈಗ ಯಾರ ಮುಖದ ಮೇಲೆ ಕಲೆ, ಮಚ್ಚೆ ಕಂಡರೂ, ಅದು ಯಾರಿಂದ ಬಂದದ್ದು ಎಂದು ಮನೆಯವರನ್ನು ಕೇಳದೆ ಮುಟ್ಟುವುದಿಲ್ಲ.