ಚಾಲು ಎಂಬ ಒಂದು ಮಾತಿಗೆ ಗಾಡಿ ಗುದ್ದಿದ್ದು

ನನಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಒಬ್ಬ ಗಂಡಸು ನನಗೆ ಬರವಣಿಗೆಯಲ್ಲಿ ತಿಳಿಸಿದ್ದಾನೆ. ಅದೂ ಕಂಪ್ಯೂಟರಿನೊಳಗಿನ ಗಾಡಿ, ಇಲ್ಲದ ರಸ್ತೆ. ಆತನ ಮುಖ ನಾನು ನೋಡಿಲ್ಲ, ನನ್ನ ಮುಖ ಆತ ನೋಡಿಲ್ಲ. ವಿಜಯವಾಡದ ಬೆಂಜ್ ಸರ್ಕಲ್ಲನ್ನು ದಿನಕ್ಕೆರಡು ಸಲ ಸ್ಕೂಟರಿನಲ್ಲಿ ದಾಟಿ, ಬ್ಯಾಂಕಿಗೆ ಹೋಗಿ, ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬರುವ ಐವತ್ತೊಂದು ವರ್ಷದ ಹೆಂಗಸಿಗೆ ಆತ ಬರೆದದ್ದು: ‘ನಿಮ್ಮ ಚಾಲನೆ ವಾಸ್ತವಕ್ಕೆ ದೂರವಾದದ್ದು.’ ಓದಿದಾಗ ಉರಿದ ಮೈ ಇನ್ನೂ ಆರಿಲ್ಲ. ಆರುವ ಮೊದಲೇ ಬರೆದುಬಿಡೋಣ ಎಂದು ಕೂತಿದ್ದೇನೆ.

ನಾವು ಧಾರವಾಡದ ಕಡೆಯವರು. ಗಂಡನಿಗೆ ವಿಶಾಖಪಟ್ಟಣದ ಸರಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಕೆಲಸ. ಮಗಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯ ಟೌನ್‌ಶಿಪ್ಪಿನಲ್ಲಿ. ಬ್ಯಾಂಕಿನವಳಾದ ನನ್ನನ್ನು ಮೂರು ವರ್ಷದ ಹಿಂದೆ ವಿಜಯವಾಡಕ್ಕೆ ವರ್ಗ ಮಾಡಿದರು. ಮಗಳ ಓದು ಕೆಡಬಾರದೆಂದು ಅವಳನ್ನು ಅಪ್ಪನ ಜೊತೆ ಬಿಟ್ಟು, ಇಲ್ಲಿ ಎರಡು ಕೋಣೆಯ ಮನೆ ಹಿಡಿದೆ. ತಿಂಗಳಿಗೊಮ್ಮೆ ರೈಲು ಹತ್ತಿ ಹೋಗುತ್ತಿದ್ದೆ. ಹೋದರೆ ನಾನೇ ನೆಂಟಳು. ಅಡುಗೆಯವಳು ಮಾಡಿಟ್ಟು ಹೋಗಿರುತ್ತಿದ್ದಳು. ‘ನೀ ಕೂಡು ಅಮ್ಮಾ, ದಣದು ಬಂದೀ’ ಎಂದು ಅಪ್ಪ ಮಗಳು ಸೇರಿ ನನಗೇ ಬಡಿಸುತ್ತಿದ್ದರು. ಸುಖವೇ ಅದು, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಮನೆಯ ಸೌಟು ಎಲ್ಲಿದೆ ಎಂದು ನಾನು ಕೇಳಿ ತಿಳಿಯುವಂತಾಗಿತ್ತು.

ಉಳಿದ ದಿನಗಳಲ್ಲಿ ಫೋನು. ‘ಊಟ ಆತಾ?’ ‘ಆತು.’ ‘ಏನಿತ್ತು?’ ‘ಏದೋ ಪಪ್ಪು.’ ನಾನು ಮಾಡುತ್ತಿದ್ದಾಗ ಬ್ಯಾಳಿ ಆಗಿದ್ದದ್ದು ಈಗ ಅವಳ ಬಾಯಲ್ಲಿ ಪಪ್ಪು ಆಗಿತ್ತು. ಗೆಳತಿಯರ ಜೊತೆ ಹರಿಯುವ ನೀರಿನಂತೆ ತೆಲುಗು ಆಡುವ ಹುಡುಗಿ, ನನ್ನ ಜೊತೆ ಕನ್ನಡದಲ್ಲಿ ಎರಡು ಮಾತಾಡಿ ಮೂರನೆಯದಕ್ಕೆ ತಡವರಿಸುತ್ತಿದ್ದಳು. ತಡವರಿಸುವುದಕ್ಕಿಂತ ಸುಮ್ಮನಿರುವುದು ಸುಲಭವೆಂದು ಅವಳಿಗೆ ಯಾವಾಗ ಅನ್ನಿಸಿತೋ, ನನಗೆ ಗೊತ್ತಾಗಲೇ ಇಲ್ಲ.

ಒಂದು ಸಲ ವಿಶಾಖಪಟ್ಟಣಕ್ಕೆ ಹೋದಾಗ ಅವಳೇ ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ಕಾರಿನ ಆಟ ಹಾಕಿಕೊಟ್ಟಳು. ಅವಳು ಅಲ್ಲಿಂದ, ನಾನು ಇಲ್ಲಿಂದ, ಕಿವಿಗೆ ಹೆಡ್‌ಫೋನು. ಶುದ್ಧ ಹುಚ್ಚಾಟ. ಗೋಡೆಗೆ ಗುದ್ದಿದರೆ ಕಾರು ಚೆಂಡಿನಂತೆ ಪುಟಿಯುತ್ತಿತ್ತು. ಸಮುದ್ರಕ್ಕೆ ಬಿದ್ದರೆ ಗುಳುಗುಳು ಮುಳುಗಿ, ಮೂರು ಎಣಿಸುವುದರೊಳಗೆ ಒಣಗಿದ ಮೈಯಲ್ಲಿ ರಸ್ತೆಗೆ ವಾಪಸು. ಸಂಜೆ ಏಳಕ್ಕೆ ನಾನು ‘ಹೂಂ, ಚಾಲು!’ ಅನ್ನಬೇಕು, ಅವಳು ಹೊರಡಬೇಕು. ನಮ್ಮ ಕಡೆ ಮಿಕ್ಸರ್ ಚಾಲು, ಪಂಪು ಚಾಲು, ಜೂನ್ ಬಂತೆಂದರೆ ಸಾಲಿ ಚಾಲು. ಏನನ್ನು ಶುರು ಮಾಡುವುದಿದ್ದರೂ ಅದೇ ಮಾತು. ಎಂಟರ ತನಕ ನಾವಿಬ್ಬರೂ ಉಲ್ಟಾ ಓಡಿಸಿದ್ದೇನು, ಪೊಲೀಸರ ಕಾರನ್ನು ನೂಕಿಕೊಂಡು ಹೋಗಿ ಸಮುದ್ರಕ್ಕೆ ಹಾಕಿದ್ದೇನು! ಗೆದ್ದದ್ದು ಯಾರೆಂದು ಒಂದು ದಿನವೂ ನೋಡಲಿಲ್ಲ.

ನಿಜವಾದ ಆಟ ಮಾತ್ರ ಬೇರೆ ಇತ್ತು. ಆ ಆಟದೂರಿನ ತುದಿಯಲ್ಲಿ ಒಂದು ದೀಪಸ್ತಂಭ. ಸುಸ್ತಾದಾಗ ಎರಡೂ ಕಾರುಗಳನ್ನು ಅದರ ಕೆಳಗೆ ಅಕ್ಕಪಕ್ಕ ನಿಲ್ಲಿಸುತ್ತಿದ್ದೆವು. ಅಲ್ಲಿ ಅವಳು ಮಾತಾಡುತ್ತಿದ್ದಳು. ಫಿಸಿಕ್ಸಿನಲ್ಲಿ ಫೇಲಾದದ್ದನ್ನು ಅಲ್ಲೇ ಹೇಳಿದಳು, ಅಪ್ಪನಿಗೆ ಹೇಳುವ ಎಂಟು ದಿನ ಮೊದಲು. ಜೀವದ ಗೆಳತಿ ಮಾತು ಬಿಟ್ಟದ್ದನ್ನು ಹೇಳಿ ಅಲ್ಲೇ ಅತ್ತಳು. ಮುಖ ಕಾಣದ್ದಕ್ಕೋ ಏನೋ, ಕನ್ನಡ ತಾನಾಗಿ ಬರುತ್ತಿತ್ತು. ಬಾರದ ಕಡೆ ತೆಲುಗು ಹಾಕಿ ಮುಂದೆ ಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಆ ಒಂದು ತಾಸಿಗಾಗಿ ನಾನು ಉಳಿದ ಇಪ್ಪತ್ಮೂರು ತಾಸು ತಳ್ಳುತ್ತಿದ್ದೆ ಎಂದರೆ ಅದರಲ್ಲಿ ಸುಳ್ಳಿಲ್ಲ.

ಇದಕ್ಕೆ ಕಲ್ಲು ಹಾಕಿದವರು ನನ್ನ ಗಂಡ. ಕಾರ್ಖಾನೆಯಲ್ಲಿ ಕ್ರೇನುಗಳ ಉಸ್ತುವಾರಿ ಅವರದು. ದೋಸೆ ಹಂಚಿಗೂ ಥರ್ಮಾಮೀಟರ್ ಹಿಡಿಯುವ ಮನುಷ್ಯ. ಒಂದು ಸಂಜೆ ಮಗಳ ಹಿಂದೆ ನಿಂತು ನೋಡಿದರಂತೆ. ಹೆಡ್‌ಫೋನಿನಲ್ಲಿ ನನಗೇ ಕೇಳಿಸಿತು.

‘ಇದಕ್ಕ ಡ್ರೈವಿಂಗ್ ಅಂತಾರೇನು? ಸಮುದ್ರಕ್ಕ ಬಿದ್ದ ಗಾಡಿ ಎಲ್ಲ್ಯಾರ ತಿರುಗಿ ಬರ್ತದೇನು? ಆಡೋದಿದ್ರ ಖರೇ ಅನ್ನೋಹಂಗ ಆಡ್ರಿ!’

ಎರಡು ವಾರದಲ್ಲಿ ಮನೆಗೆ ಸ್ಟೀರಿಂಗು ಬಂತು, ಕಾಲಿಗೆ ಮೂರು ಪೆಡಲು ಬಂತು. ನಿಜದ ಕಾರಿನ ತೂಕ, ಟೈರಿನ ಕಾವು, ಪೆಟ್ರೋಲಿನ ಭಾರ ಎಲ್ಲ ಲೆಕ್ಕಕ್ಕೆ ಬರುವ ಹೊಸ ಆಟ ಬಂತು. ಅದರ ಹಿಂದೆಯೇ, ಪ್ರತಿ ಭಾನುವಾರ ಆನ್‌ಲೈನಿನಲ್ಲಿ ರೇಸು ನಡೆಸುವ ಹವ್ಯಾಸಿಗಳ ಒಂದು ಗುಂಪು. ಅದರಲ್ಲಿ ಜೋಡಿಯಾಗಿ ಆಡಬೇಕು: ಒಬ್ಬರು ಓಡಿಸುವವರು, ಇನ್ನೊಬ್ಬರು ಮೇಲಿನಿಂದ ಇಡೀ ಟ್ರ್ಯಾಕ್ ನೋಡುತ್ತ ಕಿವಿಯಲ್ಲಿ ದಾರಿ ಹೇಳುವವರು. ಅಪ್ಪನೇ ಜೋಡಿಯಾಗಲು ತಯಾರಿದ್ದರು. ಮಗಳು ಒಪ್ಪಲಿಲ್ಲ. ‘ನನಗ ಅಮ್ಮನೇ ಬೇಕು’ ಅಂದಳಂತೆ. ಆ ಒಂದು ಮಾತಿಗೆ ನಾನು ಮರುಳಾದೆ. ಬಸ್ಸಿನ ಪಾರ್ಸೆಲ್ಲಿನಲ್ಲಿ ನನಗೂ ಒಂದು ಸ್ಟೀರಿಂಗು ಬಂತು. ಇಸ್ತ್ರಿ ಮಾಡುವ ಮೇಜಿಗೆ ಅದನ್ನು ಬಿಗಿದೆ. ಮೂಗಿಗಿಂತ ಮೂಗುತಿ ಭಾರವಾಗಿ ಮೇಜು ಎರಡು ಸಲ ಮಗುಚಿತು. ಮೂರನೆಯ ಸಲ ಅಕ್ಕಿ ಡಬ್ಬಿ ಹೇರಿ ನಿಲ್ಲಿಸಿದೆ.

ಓಡಿಸುವುದು ನಾನು, ದಾರಿ ಹೇಳುವುದು ಅವಳು. ದಿನವೂ ಏಳಕ್ಕೆ ಈಗ ಅಭ್ಯಾಸ. ‘ಬ್ರೇಕು.’ ‘ಎಡ.’ ‘ಟೈರು ಕಾದಾವ, ಹಗೂರ.’ ನನ್ನ ಮಗಳ ಬಾಯಲ್ಲಿ ಉಳಿದದ್ದು ಇಷ್ಟೇ. ಕಿವಿಯಲ್ಲಿನ ಆ ರೇಡಿಯೋದಲ್ಲಿ ಬೇರೆ ಮಾತು ಆಡಬಾರದು, ಅದು ನಿಯಮ. ಒಂದು ಭಾನುವಾರ ಅವಳು ಕೆಮ್ಮಿದ್ದು ಕೇಳಿಸಿ, ಹಳೆಯ ರೂಢಿಯಂತೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ‘ಯಾಕವ್ವಾ, ಔಷಧ ತಗೊಂಡೀ ಇಲ್ಲೋ?’ ಎಂದು ಕೇಳಿದೆ. ಅಪಾಯಕರವಾಗಿ ಗಾಡಿ ನಿಲ್ಲಿಸಿದ್ದಕ್ಕೆ ಹತ್ತು ಸೆಕೆಂಡು ದಂಡ! ದಂಡ ಹಾಕಿದವನು ಆ ಗುಂಪಿನ ತೀರ್ಪುಗಾರ, ನಾನು ಮೊದಲು ಹೇಳಿದ ಆ ಮುಖವಿಲ್ಲದ ಮಹಾರಾಯ. ‘ರೂಲ್ಸ್ ಅಂಟೆ ರೂಲ್ಸ್ ಅಂಡಿ, ಮೇಡಂ’ ಎಂದ. ‘ಅಂಡಿ’ ಎಂಬ ಬಹುವಚನಕ್ಕೇನೂ ಕೊರತೆಯಿಲ್ಲ.

ವಾಸ್ತವವಂತೆ! ಇಬ್ರಾಹಿಂಪಟ್ನಂ ಶಾಖೆಯ ತಪಾಸಣೆಗೆ ನಾನು ಹೋಗುವ ರಸ್ತೆಯಲ್ಲಿ ವಿದ್ಯುತ್ ಸ್ಥಾವರದ ಬೂದಿ ಲಾರಿಗಳ ಹಿಂದೆ ಹೋಗಿ ನೋಡಲಿ ಈತ, ಕಣ್ಣು ಬಿಡಲಾಗದೆ. ಇವರ ವಾಸ್ತವದಲ್ಲಿ ಎಮ್ಮೆ ಇಲ್ಲ, ಎದುರಿನಿಂದ ಬರುವ ಆಟೋ ಇಲ್ಲ, ಮಳೆಗೆ ಬಾಯಿಬಿಟ್ಟ ಗುಂಡಿ ಇಲ್ಲ. ಹೋಗಲಿ, ಮನುಷ್ಯರಾದರೂ ಇದ್ದಾರೆಯೇ? ಟೈರಿನ ಕಾವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುತ್ತಾರೆ. ಅದೇ ಒಂದು ಗಾಡಿ ಪಲ್ಟಿಯಾದರೆ ಹಿಂದಿನವನು ನಿಲ್ಲಬಾರದು, ನಿಂತರೆ ದಂಡ. ಕಳೆದ ವರ್ಷ ಬೆಂಜ್ ಸರ್ಕಲ್ಲಿನಲ್ಲಿ ನಾನು ಸ್ಕೂಟರಿನಿಂದ ಬಿದ್ದಾಗ ಮೂವರು ಬಂದು ಎತ್ತಿದರು, ಒಬ್ಬಳು ನೀರು ಕೊಟ್ಟಳು, ಇನ್ನೊಬ್ಬ ಕೀಲಿ ತೆಗೆದು ಕೈಗಿಟ್ಟು ಚೆನ್ನಾಗಿ ಬೈದ. ಅದು ವಾಸ್ತವ. ಆ ಲೆಕ್ಕದಲ್ಲಿ ನಮ್ಮ ಹುಚ್ಚಾಟದ ದೀಪಸ್ತಂಭವೇ ಹೆಚ್ಚು ನಿಜವಾಗಿತ್ತು.

ಇಷ್ಟೆಲ್ಲ ಸಿಟ್ಟಿದ್ದರೂ ಬಿಡಲಿಲ್ಲ. ಬಿಟ್ಟರೆ ಆ ಒಂದು ತಾಸೂ ಹೋಗುತ್ತದೆ. ‘ಬ್ರೇಕು, ಎಡ’ ಎನ್ನುವುದಾದರೂ ಅವಳ ದನಿಯೇ ತಾನೆ.

ಆಮೇಲೆ ಬಂದದ್ದು ಆ ಭಾನುವಾರದ ಮಧ್ಯಾಹ್ನ. ಎಂಥ ವಿಚಿತ್ರವೆಂದರೆ, ನಾವು ಎರಡನೆಯ ಸ್ಥಾನದಲ್ಲಿದ್ದೆವು! ಕೊನೆಯ ಸಲ ಟೈರು ಬದಲಿಸಲು, ಪೆಟ್ರೋಲು ಹಾಕಿಸಲು ಗಾಡಿಯನ್ನು ಟ್ರ್ಯಾಕಿನ ಪಕ್ಕದ ಅಂಗಳಕ್ಕೆ ತಂದೆ. ಅಲ್ಲಿ ಪ್ರತಿ ಜೋಡಿಗೂ ಒಂದು ಗೆರೆ ಎಳೆದ ಜಾಗ. ಕರಾರುವಾಕ್ಕಾಗಿ ಅದರೊಳಗೇ ನಿಲ್ಲಬೇಕು. ನಮ್ಮ ಜಾಗದ ಮುಂದೆಯೇ ಮೊದಲನೆಯ ಸ್ಥಾನದವರ ಗಾಡಿ ನಿಂತಿತ್ತು. ಮಗಳು ಕಿವಿಯಲ್ಲಿ ಹೇಳುತ್ತಿದ್ದಳು: ‘ಬಾ, ಬಾ, ಬಾ... ಇನ್ನೊಂಚೂರು... ಚಾಲು, ಚಾಲು!’

ಚಾಲು ಅಂದಳಲ್ಲ, ನಾನು ಚಾಲು ಮಾಡಿದೆ. ಪೂರಾ ಒತ್ತಿದೆ. ಮುಂದಿನ ಗಾಡಿಯ ಹಿಂಭಾಗ ನುಚ್ಚುನೂರಾಯಿತು, ನಮ್ಮದರ ಚಕ್ರವೊಂದು ಉರುಳುತ್ತ ನನಗಿಂತ ಮೊದಲೇ ಹೊರಟುಹೋಯಿತು. ಈ ಆಟದಲ್ಲಿ ಮೂರು ಎಣಿಸಿದರೆ ಏನೂ ವಾಪಸು ಬರುವುದಿಲ್ಲ.

ಅವಳು ಆಡಿದ್ದು ತೆಲುಗಿನ ಚಾಲು. ಇಲ್ಲಿ ಯಾವ ಮನೆಯ ಮುಂದೆ ಗಾಡಿ ನಿಲ್ಲಿಸಹೋದರೂ ಯಾರಾದರೂ ಕೈ ತೋರಿಸಿ ‘ಚಾಲು, ಚಾಲು’ ಅನ್ನುತ್ತಾರೆ. ಸಾಕು, ನಿಲ್ಲಿಸು ಎಂದರ್ಥ. ನನಗೆ ಗೊತ್ತಿಲ್ಲವೆಂದಲ್ಲ, ಎರಡು ದಶಕ ಈ ಸೀಮೆಯ ಅನ್ನ ತಿಂದವಳು ನಾನು. ಆದರೆ ಮಗಳ ಜೊತೆ ಆಟಕ್ಕೆ ಕೂತರೆ ನನ್ನ ಕಿವಿ ಕನ್ನಡದ್ದಾಗಿರುತ್ತಿತ್ತು. ಮಗಳ ಬಾಯಿಂದ ಬಂದದ್ದೆಲ್ಲ ಕನ್ನಡವೆಂದೇ ಅದು ಕೇಳುತ್ತಿತ್ತು.

ತೀರ್ಪುಗಾರ ವಿವರಣೆ ಕೇಳಿದ. ಬ್ಯಾಂಕಿನಲ್ಲಿ ಎಷ್ಟೋ ಜನರಿಂದ ವಿವರಣೆ ಕೇಳಿದವಳು, ಕೊಟ್ಟವಳು ನಾನು. ಒಂದೂವರೆ ಪುಟ ನೀಟಾಗಿ ಬರೆದೆ. ಒಂದೇ ಶಬ್ದ, ಎರಡು ಭಾಷೆ, ತದ್ವಿರುದ್ಧ ಅರ್ಥ, ದುರುದ್ದೇಶವಿಲ್ಲ. ಉತ್ತರ ಅದೇ ಸಂಜೆ ಬಂತು. ನಿಜವಾದ ರೇಸಿನಲ್ಲಿ ಭಾಷೆ ನೆಪವಾಗುವುದಿಲ್ಲವಂತೆ. ನನ್ನ ಚಾಲನೆ ವಾಸ್ತವಕ್ಕೆ ದೂರವಾದದ್ದಂತೆ. ಜೋಡಿಯನ್ನು ಕೈಬಿಡಲಾಗಿದೆಯಂತೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ, ತಪ್ಪು ನನ್ನದಾದರೆ ಮಗಳಿಗೂ ಶಿಕ್ಷೆ!

ಭಾಷೆ ತಪ್ಪುವುದಕ್ಕಿಂತ ವಾಸ್ತವ ಇನ್ನೇನಿದೆ? ನಾನು ಆಂಧ್ರಕ್ಕೆ ಬಂದ ಹೊಸದರಲ್ಲಿ ಒಬ್ಬ ಗಿರಾಕಿ ‘ಆಗಂಡಿ, ಆಗಂಡಿ’ ಎಂದು ಕೂಗಿದರೆ, ಆಗಲಿ ಎನ್ನುತ್ತಿದ್ದಾರೆಂದು ತಿಳಿದು ಅವರ ಅರ್ಜಿಗೆ ಮೊಹರು ಒತ್ತಿಬಿಟ್ಟಿದ್ದೆ. ಅವರು ಹೇಳಿದ್ದು ‘ನಿಲ್ಲಿ’ ಎಂದು. ಇಂಥದನ್ನು ಹಾಕಿ ನೋಡಲಿ ಇವರು ಆಟದೊಳಗೆ.

ಮನೆಗೆ ಫೋನು ಮಾಡಿದೆ. ಮೊದಲು ಎತ್ತಿಕೊಂಡವರು ಗಂಡ. ‘ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ’ ಎಂದು ನಕ್ಕರು. ಪಿತ್ತ ನೆತ್ತಿಗೇರಿತು. ‘ಫೋನು ಆಕಿ ಕೈಯಾಗ ಕೊಡ್ರಿ’ ಅಂದೆ.

‘ನಾ ಸರೀನೇ ಹೇಳಿದ್ದೆ ಅಮ್ಮಾ,’ ಅಂದಳು ಮಗಳು. ‘ಚಾಲು ಅಂದ್ರ ಸಾಕು.’

‘ಯಾರ ಮನ್ಯಾಗ? ನಮ್ಮ ಮನ್ಯಾಗ ಚಾಲು ಅಂದ್ರ ಚಾಲು! ನಿಮ್ಮಪ್ಪನ ಟೈರಿನ ಕಾವು ನೋಡೂದರಾಗ ಕನ್ನಡ ಮರತು ಕೂತೀ ನೀ. ತಾಯಿ ಜೋಡಿ ಆಡೋ ಮಾತೂ ಮರತೀ.’

ಅವಳು ಮೆಲ್ಲಗೆ ಅಂದಳು:

‘ನಮ್ಮ ಮನ್ಯಾಗೇ ಅಮ್ಮಾ. ನೀ ಅನ್ನ ಬಡಸೋವಾಗ ನಾ ಏನಂತಿದ್ದೆ? ಚಾಲು, ಚಾಲು ಅಂತಿದ್ದೆ. ನೀ ಇನ್ನೊಂದು ಸೌಟು ಹಾಕಿ ನಿಲ್ಲಸ್ತಿದ್ದಿ. ಆವಾಗ ತಿಳೀತಿತ್ತಲ್ಲ ನಿನಗ? ಮೂರು ವರ್ಷ ಆತು. ಮರತಿರಬೇಕು.’

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ನನ್ನ ಪರವಾಗಿ ಒಂದು ವಿವರಣೆ ಕೊಟ್ಟಳು, ಅಷ್ಟೇ. ನಾನು ಫೋನು ಇಟ್ಟೆ. ಅಕ್ಕಿ ಡಬ್ಬಿ ಇಳಿಸಿ, ಸ್ಟೀರಿಂಗು ಬಿಚ್ಚಿ, ಮಂಚದ ಕೆಳಗೆ ತಳ್ಳಿದೆ. ಹೌದು, ಅನ್ನುತ್ತಿದ್ದಳು. ಐದು ವರ್ಷದವಳಿದ್ದಾಗಿನಿಂದಲೂ ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು ಅನ್ನುತ್ತಿದ್ದಳು. ಅದು ತೆಲುಗೋ ಕನ್ನಡವೋ ಎಂದು ಒಂದು ದಿನವೂ ಕೇಳಿರಲಿಲ್ಲ ನಾನು.

ಮುಂದಿನ ಶನಿವಾರ ಬೆಳಗಿನ ರೈಲಿಗೆ ಹೊರಟೆ. ತೀರ್ಪುಗಾರನಿಗೆ, ಗಂಡನಿಗೆ, ಅವರ ವಾಸ್ತವಕ್ಕೆ ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ, ವಿಶಾಖಪಟ್ಟಣಕ್ಕೆ ತುಸು ಮೊದಲು ಅನಕಾಪಲ್ಲಿಯಲ್ಲಿ ಎದ್ದು ಚೀಲ ಇಳಿಸಿಕೊಳ್ಳುವ ಹೊತ್ತಿಗೆ ಅರ್ಧ ಸಿಟ್ಟು ನನ್ನ ಕಡೆಗೇ ತಿರುಗಿತ್ತು. ಅಡುಗೆಯವಳಿಗೆ ಎರಡು ದಿನ ರಜೆ ಕೊಟ್ಟೆ. ‘ನೀ ಕೂಡು, ದಣದು ಬಂದೀ’ ಎಂದು ಎದ್ದವರಿಬ್ಬರನ್ನೂ ಗದರಿಸಿ ಕೂರಿಸಿದೆ. ಬ್ಯಾಳಿ ಮಾಡಿದ್ದೆ.

‘ಸೋಮವಾರ ಏಳಕ್ಕ?’ ಎಂದು ಕೇಳಿದೆ, ಕಲಸುತ್ತಿದ್ದ ಅವಳ ಕೈ ನೋಡುತ್ತ.

‘ಹಳೇದು,’ ಅಂದಳು. ‘ಅಪ್ಪನ ಟೈರು ಅಪ್ಪಗೇ ಇರಲಿ.’

ಗಂಡ ಕೇಳಿಸದವರಂತೆ ಉಪ್ಪಿನಕಾಯಿಗೆ ಕೈ ಚಾಚಿದರು. ನಾನು ಮಜ್ಜಿಗೆಗೆಂದು ಅವಳಿಗೆ ಮತ್ತೆ ಅನ್ನ ಹಾಕತೊಡಗಿದೆ. ಅವಳು ಅಂಗೈ ಅಡ್ಡ ಹಿಡಿದು, ನನ್ನ ಮುಖ ನೋಡಿ, ಹುಷಾರಾಗಿ ಅಂದಳು: ‘ಸಾಕು, ಅಮ್ಮಾ.’

ಶುದ್ಧ ಕನ್ನಡ. ಬೇರೆಯವರ ಮನೆಯಲ್ಲಿ ಉಂಡವರಂತೆ. ನಾನೇ ಬೈದು ಕಲಿಸಿದ್ದು ಅದು. ಕೇಳಿ ನನಗೆ ಸಹಿಸಲಾಗಲಿಲ್ಲ.

‘ಹಂಗಲ್ಲ,’ ಅಂದೆ. ‘ಮೊದಲಿನ ಹಂಗ ಅನ್ನು.’

ಅವಳು ಅಂಗೈಯನ್ನು ಮತ್ತೆ ಅಡ್ಡ ಹಿಡಿದು ‘ಚಾಲು, ಚಾಲು’ ಅಂದಳು. ನಾನು ಇನ್ನೊಂದು ಸೌಟು ಹಾಕಿ ನಿಲ್ಲಿಸಿದೆ.