ಮಂಗಳವಾರದ ಎರಡನೇ ಮಾತ್ರೆ

ನರಸಿಂಹರಾಜಪುರದ ಮೆಡಿಕಲ್ ಶಾಪೊಂದರಲ್ಲಿ ನಾನು ಕೆಲಸಕ್ಕಿದ್ದೆ. ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದ ಗೌರಮ್ಮ ಒಂದು ಮಂಗಳವಾರ ಬಂದು ಕೌಂಟರ್ ಹಿಡಿದು ನಿಂತರು. ಮುಖ ನನ್ನ ಕಡೆಗಿತ್ತು, ನೋಟ ಎಲ್ಲೋ ತೇಲುತ್ತಿತ್ತು.

“ಹಿನ್ನೀರಿನ ದಡದಲ್ಲಿ ಕೂತಿದ್ದೆ ಮಾರಾಯ್ರೆ. ಡ್ಯಾಮ್ ಕಟ್ಟಿದಾಗ ಮುಳುಗಿದ ನಮ್ಮೂರು ಅಡಿಯಲ್ಲಿ ಕಾಣ್ತಿತ್ತು. ನಮ್ಮನೆ ಬಾಗಿಲು ತೆಗೆದೇ ಇತ್ತು. ಇಳಿದು ಹೋಗಾಣ ಅನ್ನಿಸ್ತು.”

ಬಿಲ್ ಪುಸ್ತಕ ಬದಿಗಿಟ್ಟು ಕೇಳಿದೆ, “ಇವತ್ತು ಎಷ್ಟು ಮಾತ್ರೆ ನುಂಗಿದ್ರಿ?”

“ಎರಡು. ನಿನ್ನೆ ಸೋಮವಾರ, ಉಪವಾಸ. ಊಟ ಆದ್ಮೇಲೆ ತಗೊಳ್ಳಿ ಅಂತ ನೀವೇ ಹೇಳಿದ್ದಲ್ವಾ? ಊಟವೇ ಇಲ್ಲ. ಅದಕ್ಕೆ ಪ್ರತಿ ಮಂಗಳವಾರ ನಿನ್ನೇದನ್ನೂ ಸೇರಿಸಿ ನುಂಗ್ತೀನಿ.”

ಹೌದು, ಹೇಳಿದ್ದು ನಾನೇ. ಪಕ್ಕದ ಎಸ್‌ಟಿಡಿ ಬೂತಿಗೆ ಓಡಿ ಡಾಕ್ಟರಿಗೆ ಫೋನ್ ಮಾಡಿದೆ. ಬಂದು ಅವರು ಅಂದದ್ದನ್ನೇ ಹೇಳಿದೆ: “ತಪ್ಪಿದ್ದು ತಪ್ಪಿತು, ಮರುದಿನ ಎರಡು ನುಂಗಬಾರದು. ಸೋಮವಾರವೂ ಬಿಡಬಾರದು. ಸಂಜೆ ಪೂಜೆ ಮುಗಿಸಿ ಫಲಾಹಾರ ಮಾಡ್ತೀರಲ್ಲ, ಆಗ ಒಂದೇ ಒಂದು. ಈಗಲೇ ಬಂದು ತೋರಿಸಬೇಕಂತೆ, ನಡೀರಿ, ನಾನೂ ಬರ್ತೀನಿ.”

ಆಟೋದಲ್ಲಿ ಮೆಲ್ಲಗೆ ಕೇಳಿದರು, “ಉಪವಾಸದ ದಿನ ಮಾತ್ರೆ ನುಂಗಿದ್ರೆ ಶಿವ ಏನೂ ಅನ್ಕೊಳ್ಳಲ್ವಾ?”

“ವಿಷವನ್ನೇ ಕುಡಿದವನು, ಒಂದು ಮಾತ್ರೆಗೆ ಏನಂತಾನೆ ಅಮ್ಮ?”

ತಿಂಗಳಾದ ಮೇಲೆ ನೆಟ್ಟಗೆ ನಡೆದು ಬಂದರು. “ಈಗ ಊರು ಕಾಣಲ್ಲ. ಬಸ್ಸಿನ ಬೋರ್ಡು ಚೆನ್ನಾಗಿ ಕಾಣ್ತದೆ” ಅಂದರು, ಸ್ವಲ್ಪ ಬೇಜಾರಿನಲ್ಲೇ.

ಅಂದಿನಿಂದ ಬಸ್ಸು ಆ ದಡದಲ್ಲಿ ಹೋಗುವಾಗಲೆಲ್ಲ ನಾನು ನೀರಿಗೆ ಇಣುಕುತ್ತೇನೆ, ಯಾರಾದರೂ ಆ ಬಾಗಿಲು ಹಾಕಿದರೋ ಇಲ್ಲವೋ ಅಂತ. ಹಾಗಂತ ನಾನು ಯಾವ ಮಾತ್ರೆಯನ್ನೂ ತಗೊಳ್ಳುವವನಲ್ಲ.