ಪುಟದ ಅಡಿಯ ಎರಡು ಹೆಸರು

ಎನ್.ಆರ್.ಪುರದ ಅಡಿಕೆ ಬೆಳೆಗಾರರ ಸೊಸೈಟಿಗೆ ನಾನು ಹೋದದ್ದೇ ಗುಮಾಸ್ತ ಚಂದ್ರಪ್ಪನವರ ಕಳ್ಳಾಟ ಹಿಡಿಯಲಿಕ್ಕೆ. ಮಳೆಗೆ ಮೊದಲು ಅಡಿಕೆಗೆ ಹೊಡೆಯುವ ಮೈಲುತುತ್ತ ಯಾರ್ಯಾರಿಗೆ ಸಿಗಬೇಕು ಅನ್ನುವ ಪಟ್ಟಿಯನ್ನು ಬೆಂಗಳೂರಿನ ನಮ್ಮ ಕಚೇರಿಯ ದೊಡ್ಡ ಕಂಪ್ಯೂಟರ್, ಮೇನ್‌ಫ್ರೇಮ್ ಕಳಿಸುತ್ತಿತ್ತು. ಸೊಸೈಟಿಯ ನೆಟ್‌ವರ್ಕ್ ಪ್ರಿಂಟರ್ ಅದನ್ನು ಅಚ್ಚು ಹಾಕುತ್ತಿತ್ತು. ಆದರೆ ಪ್ರತಿ ಪುಟದ ಅಡಿಯಲ್ಲಿ ನೀಲಿ ಪೆನ್ನಿನಲ್ಲಿ ಬರೆದ ಎರಡು ಹೆಸರು ಇರುತ್ತಿದ್ದವು. ಗುಮಾಸ್ತ ತನ್ನವರನ್ನು ತುರುಕುತ್ತಿದ್ದಾನೆ ಅಂತ ನನಗೆ ಖಾತ್ರಿಯಿತ್ತು.

“ಇದು ಯಾರ ಬರಹ?” ಅಂತ ಚಂದ್ರಪ್ಪನವರನ್ನು ಕೇಳಿದೆ.

“ನಂದೇ. ನಿಮ್ಮ ಮಿಷನ್ ಬಿಟ್ಟಿದ್ದನ್ನ ಸದಸ್ಯರ ಪುಸ್ತಕ ನೋಡಿ ನಾನಾದ್ರೂ ಬರೀಬೇಕಲ್ಲ ಮಾರಾಯ್ರೆ! ಕ್ರಮಸಂಖ್ಯೆ ನೋಡಿ.”

ನೋಡಿದೆ. ಪ್ರತಿ ಪುಟದ ಕೊನೆಗೆ ಎರಡು ಸಂಖ್ಯೆ ಹಾರಿತ್ತು. ಮೇನ್‌ಫ್ರೇಮ್ ಪುಟಕ್ಕೆ ಅರವತ್ತಾರು ಸಾಲು ಕಳಿಸಿದರೆ, ಪ್ರಿಂಟರಿಗೆ ಅರವತ್ತನಾಲ್ಕಕ್ಕೇ ಹಾಳೆ ಮುಗಿದು, ಕೊನೆಯ ಎರಡು ಹೆಸರು ಅಚ್ಚಾಗದೆ ಉಳಿಯುತ್ತಿದ್ದವು. ಆ ಸೆಟ್ಟಿಂಗ್ ಕೊಟ್ಟವನು ನಾನೇ. ಸಾಲುಗಳ ಅಂತರ ಕಡಿಮೆ ಮಾಡಿ ಮತ್ತೆ ಪ್ರಿಂಟ್ ತೆಗೆದೆ. ಎಲ್ಲ ಹೆಸರೂ ಬಂದವು.

ಅಷ್ಟರಲ್ಲಿ ಮೈಲುತುತ್ತಕ್ಕೆ ಬಂದ ಶೆಟ್ಟಿಕೊಪ್ಪದ ಸಾವಿತ್ರಮ್ಮ ಹೊಸ ಹಾಳೆಯ ಅಡಿಗೆ ಬೆರಳಿಟ್ಟರು. “ನನ್ನ ಹೆಸ್ರು ಯಾವಾಗ್ಲೂ ಪೆನ್ನಲ್ಲಿ ಇರ್ತಿತ್ತಲ್ಲ ಚಂದ್ರಪ್ನೋರೆ, ಯಾರು ತೆಗ್ಸಿದ್ದು?”

“ಅಚ್ಚಾಗಿಯೇ ಬಂದಿದೆ ನೋಡಿ ಅಮ್ಮ,” ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವ್ರು ಎಲ್ಲಿಯವ್ರು?”

“ಬೆಂಗಳೂರು,” ಅಂದರು ಚಂದ್ರಪ್ಪ.

“ಹಂಗೆ ಹೇಳಿ ಮತ್ತೆ!”

ಚಂದ್ರಪ್ಪ ಪೆನ್ನು ತೆಗೆದು, ಅಚ್ಚಾದ ಹೆಸರಿನ ಕೆಳಗೆ ಅದೇ ಹೆಸರನ್ನು ಬರೆದರು. ಸಾವಿತ್ರಮ್ಮನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. “ಇವ್ರದ್ದೂ ಒಂದು ಸಹಿ ಇರ್ಲಿ,” ಅಂದರು.

ಪೆನ್ನಿನ ಬರಹ ನಿಲ್ಲಿಸಲಿಕ್ಕೆ ಬಂದಿದ್ದ ನಾನು, ಅದರ ಪಕ್ಕದಲ್ಲೇ ಸಹಿ ಹಾಕಿ ಬಸ್ಸು ಹತ್ತಿದೆ.